ಮೂರು ವಾರದ ನೀರು

ಯಶವಂತಪುರಕ್ಕೂ ಮಲ್ಲೇಶ್ವರಕ್ಕೂ ನಡುವೆ ಇರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಆ ಮರಗಳ ನೆರಳಿನಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರು ಕೆಲವು ಸಹೋದ್ಯೋಗಿಗಳನ್ನು ಕಟ್ಟಿಕೊಂಡು ‘ಅಸ್ತ್ರ’ ಎಂಬ ಘಟಕ ಶುರುಮಾಡಿದರು. ಹಳ್ಳಿಯ ಬದುಕಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯಲ್ಲೇ ಕೂತು ಹುಡುಕಬೇಕು ಅನ್ನುವುದು ಅವರ ಹಟ. ಅದಕ್ಕಾಗಿ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರವನ್ನೂ ತೆರೆದರು. ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆ ನಮ್ಮ ಅಡುಗೆಮನೆಗಳಿಗೆ ಬಂದದ್ದು ಆ ಕೆಲಸದಿಂದ. ಅದೇ ಬಳಗದ ಸಿವಿಲ್ ಎಂಜಿನಿಯರ್ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ರೂಪಿಸಿದ ಇನ್ನೊಂದು ವಸ್ತು, ಕೈಯಿಂದ ಒತ್ತಿ ಮಣ್ಣಿನ ಇಟ್ಟಿಗೆ ಮಾಡುವ ಯಂತ್ರ. ಮೊದಲು ಬಂದದ್ದರ ಹೆಸರು ಅಸ್ತ್ರಂ, ಆಮೇಲೆ ಸುಧಾರಿಸಿದ್ದು ಮರ್ದಿನಿ. ಅದರಿಂದ ಹೊರಬರುವ ಇಟ್ಟಿಗೆಯನ್ನು ಬೆಂಗಳೂರಿನಲ್ಲಿ ಎಲ್ಲರೂ ಮಡ್ ಬ್ಲಾಕ್ ಅನ್ನುತ್ತಾರೆ.

ಬಡವರಿಗೆ ಮನೆ ಕಟ್ಟಿಕೊಡಲು ಸ್ವಯಂಸೇವಕರಾಗಿ ಹೊರಡುವವರ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಈ ಯಂತ್ರ. ಹೆಬ್ಬಾಳದ ಟೆಕ್ ಪಾರ್ಕುಗಳಲ್ಲಿ ಕೆಲಸ ಮಾಡುವ, ಯಲಹಂಕದ ಕಾಲೇಜುಗಳಲ್ಲಿ ಓದುವ ಎಷ್ಟೋ ಹುಡುಗ ಹುಡುಗಿಯರಿಗೆ ಈ ಆಸೆ ಇದೆ. ನೇಪಾಳಕ್ಕೋ ಆಫ್ರಿಕಾದ ಯಾವುದಾದರೂ ದೇಶಕ್ಕೋ ಹೋಗಿ ಎರಡು ವಾರ ಮನೆ ಕಟ್ಟಿ ಬರಬೇಕು, ಅದಕ್ಕೆ ಗೆಳೆಯರಿಂದ, ಆಫೀಸಿನಿಂದ ಹಣ ಕೂಡಿಸಬೇಕು. ಇದು ಒಳ್ಳೆಯ ಆಸೆ. ಆದರೆ ಗಾರೆ ಕೆಲಸ ಎರಡು ವಾರದಲ್ಲಿ ಕೈಗೆ ಹತ್ತುವ ವಿದ್ಯೆಯಲ್ಲ. ಕರಣೆ ಹಿಡಿಯಲು ಬಾರದವನು ಕಟ್ಟಿದ ಗೋಡೆಗೆ ಮೇಸ್ತ್ರಿ ತೂಕದ ಗುಂಡು ಬಿಟ್ಟು ನೋಡಿ, ಮಾತಿಲ್ಲದೆ ಬಿಚ್ಚಿ ಮತ್ತೆ ಕಟ್ಟುತ್ತಾನೆ. ಹಾಗಾಗಿ ಬಂದವರ ಪಾಲಿಗೆ ಬಾಂಡ್ಲಿ ಹೊರುವುದು, ಸುಣ್ಣ ಬಳಿಯುವುದು ಇಷ್ಟೇ ಉಳಿಯುತ್ತದೆ. ಮಡ್ ಬ್ಲಾಕಿನ ಕೆಲಸ ಹಾಗಲ್ಲ. ಅದಕ್ಕೆ ಆರೇಳು ಜನ ಬೇಕು, ಅವರಲ್ಲಿ ಒಬ್ಬರಿಗೂ ಗಾರೆ ಕೆಲಸ ಗೊತ್ತಿರಬೇಕಾಗಿಲ್ಲ, ಆದರೆ ಆರೇಳು ಜನಕ್ಕೂ ಗಮನ ಬೇಕು. ಹೊಸಬರ ಕೈ ನಿಜಕ್ಕೂ ಮನೆಯ ಗೋಡೆಯಾಗಿ ಉಳಿಯುವ ಕೆಲಸ ನಾನು ಕಂಡ ಮಟ್ಟಿಗೆ ಇದೊಂದೇ.

ಇದು ಬೆಂಗಳೂರಿಗೆ ಮಾತ್ರ ಹೊಳೆದ ಯೋಚನೆಯೂ ಅಲ್ಲ. 1950ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಸಿನ್ವಾ ಎಂಬ ವಸತಿ ಸಂಶೋಧನಾ ಕೇಂದ್ರದಲ್ಲಿ, ರೌಲ್ ರಾಮಿರೆಸ್ ಎಂಬ ಎಂಜಿನಿಯರ್ ಉದ್ದ ಹಿಡಿಯ ಸಣ್ಣ ಪ್ರೆಸ್ ಒಂದನ್ನು ಮಾಡಿದರು. ಸಿನ್ವಾ-ರಾಮ್ ಎಂದು ಹೆಸರಾದ ಆ ಯಂತ್ರವನ್ನು ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು ದೇಶದಿಂದ ದೇಶಕ್ಕೆ ಹೊತ್ತೊಯ್ದರು. ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ, ದೇಶ ವಿಭಜನೆಯಾಗಿ ನಿರಾಶ್ರಿತರು ಬಂದು ಸೇರಿದಾಗ, 1948ರಲ್ಲಿ ಕರ್ನಾಲ್‌ನಲ್ಲಿ ಸುಮಾರು 4,000 ಮನೆಗಳನ್ನು ಮಣ್ಣಿಗೆ ಶೇಕಡಾ ಎರಡೂವರೆಯಷ್ಟು ಸಿಮೆಂಟ್ ಬೆರೆಸಿ, ದಮ್ಮಸು ಮಾಡಿ ಕಟ್ಟಿದ್ದರು. ಮನೆ ಕಳೆದುಕೊಂಡವರಿಗೂ ಗಟ್ಟಿಮಾಡಿದ ಮಣ್ಣಿಗೂ ಹೀಗೆ ಹಳೆಯ ನಂಟು.

ಕೆಲಸ ಶುರುವಾಗುವುದು ಮಣ್ಣಿನಿಂದ. ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೋದರೆ ಎಲ್ಲಿ ಅಗೆದರೂ ಕೆಮ್ಮಣ್ಣು. ಮಡ್ ಬ್ಲಾಕಿಗೆ ಒಗ್ಗುವ ಮಣ್ಣು ಅದು. ಆದರೆ ಮೇಲಿನ ಒಂದು ಒಂದೂವರೆ ಅಡಿ ಮಣ್ಣನ್ನು ಮುಟ್ಟುವ ಹಾಗಿಲ್ಲ. ಅದರಲ್ಲಿ ಬೇರು, ಗೊಬ್ಬರ, ಕೊಳೆತ ಎಲೆ ಇರುತ್ತವೆ. ಅದು ಗಿಡಕ್ಕೆ ಬೇಕಾದ ಮಣ್ಣು, ಗೋಡೆಗೆ ಬೇಡ. ಅದನ್ನು ಪಕ್ಕಕ್ಕೆ ಎಳೆದಿಟ್ಟು, ಕೆಲಸ ಮುಗಿದ ಮೇಲೆ ಹಿತ್ತಲಿಗೆ ಹರಡಬೇಕು. ಅದರ ಕೆಳಗಿನ ಮಣ್ಣನ್ನು, ಅಂದರೆ ಪಾಯ ತೋಡುವಾಗ, ಸಂಪು ತೋಡುವಾಗ ಬರುವ ಮಣ್ಣನ್ನು, ಮೊದಲು ಪರೀಕ್ಷೆ ಮಾಡಬೇಕು.

ಆ ಪರೀಕ್ಷೆಗೆ ಪ್ರಯೋಗಾಲಯ ಬೇಡ. ನೇರ ಗೋಡೆಯ ಗಾಜಿನ ಬಾಟಲಿಯೊಂದರಲ್ಲಿ ಕಾಲು ಭಾಗ ಮಣ್ಣು ಹಾಕಿ, ಮುಕ್ಕಾಲು ಭಾಗ ನೀರು ತುಂಬಿಸಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಕಟ್ಟೆಯ ಮೇಲಿಡುತ್ತಾರೆ. ನಿಮಿಷದೊಳಗೆ ಮರಳು ತಳ ಸೇರುತ್ತದೆ. ಅದರ ಮೇಲೆ ನಯವಾದ ಹೂಳು ಕೂರುತ್ತದೆ. ಜೇಡಿ ಮಾತ್ರ ಗಂಟೆಗಟ್ಟಲೆ ನೀರನ್ನು ಕೆಂಪಾಗಿಯೇ ಇಟ್ಟು, ಮಾರನೆಯ ದಿನದ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ತೆಳುವಾದ ಪದರವಾಗಿ ಇಳಿಯುತ್ತದೆ. ಗಾಜಿನ ಹೊರಗೆ ಪಟ್ಟಿ ಹಿಡಿದು ಮೂರು ಪದರ ಅಳೆದರೆ ಆ ಮಣ್ಣಿನ ಜಾತಕ ಸುಮಾರಾಗಿ ತಿಳಿಯುತ್ತದೆ. ಮರಳು ಮೂರರಲ್ಲಿ ಎರಡು ಪಾಲು, ಜೇಡಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಇದ್ದರೆ ಹದವಾದ ಮಣ್ಣು. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಜೇಡಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಹಾಗಾಗಿ ಕಲ್ಲು ಕ್ವಾರಿಯ ಪುಡಿಯನ್ನೋ ಮರಳನ್ನೋ ಬೆರೆಸಿ ಸರಿದೂಗಿಸುತ್ತಾರೆ. ಜೇಡಿ ಹೆಚ್ಚಾದರೆ ಇಟ್ಟಿಗೆ ಒಣಗುವಾಗ ಕುಗ್ಗಿ ಬಿರಿಯುತ್ತದೆ, ತೀರಾ ಕಡಿಮೆಯಾದರೆ ಅಚ್ಚಿನಿಂದ ಎತ್ತುವಾಗಲೇ ಅಂಚು ಉದುರುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನ ಸ್ವಭಾವವೇ ಬೇರೆ. ನೀರು ಕುಡಿದು ಉಬ್ಬುವ, ಒಣಗಿ ಸೀಳುವ ಆ ಮಣ್ಣನ್ನು ಬರೀ ಸಿಮೆಂಟಿನಿಂದ ಪಳಗಿಸಲು ಹೋಗಬಾರದು, ಅದಕ್ಕೆ ಸುಣ್ಣ ಬೇಕು. ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಬೇರೆ ದೇಶಕ್ಕೆ ಹೋಗುವವರು ಇದನ್ನು ಮೊದಲ ದಿನವೇ ಕಲಿಯಬೇಕು.

ಮಣ್ಣನ್ನು ಜರಡಿ ಹಿಡಿದು, ಹೆಂಟೆ ಕಲ್ಲು ತೆಗೆದು, ಕಲ್ಲುಪುಡಿ ಸೇರಿಸಿ, ಅದರ ಮೇಲೆ ಸಿಮೆಂಟ್ ಹರಡುತ್ತಾರೆ. ಸಿಮೆಂಟಿನ ಪ್ರಮಾಣ ನೂರಕ್ಕೆ ಆರರಿಂದ ಎಂಟು. ಒಣಗಿದ್ದಾಗಲೇ ಸಲಿಕೆಯಿಂದ ಈ ಕಡೆಯಿಂದ ಆ ಕಡೆಗೆ ಗುಡ್ಡೆ ಮಾಡಿ, ಮತ್ತೆ ವಾಪಸ್ ಎಳೆದು, ಬೂದು ಬಣ್ಣದ ಒಂದು ಗೆರೆಯೂ ಕಾಣದಷ್ಟು ಬೆರೆಸಬೇಕು. ಆಮೇಲಷ್ಟೇ ನೀರು, ಅದೂ ಸುರಿಯುವುದಲ್ಲ, ಕೈಯಿಂದ ಚಿಮುಕಿಸುವುದು. ಹದ ನೋಡುವ ಕ್ರಮ ಚೆಂದ. ಮುದ್ದೆ ಕಟ್ಟುವ ಹಾಗೆ ಅಂಗೈಯಲ್ಲಿ ಒಂದು ಉಂಡೆ ಒತ್ತಿ, ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡುತ್ತಾರೆ. ಪುಡಿಪುಡಿಯಾಗಿ ಚೆಲ್ಲಿದರೆ ನೀರು ಸಾಲದು, ಒಡೆಯದೆ ಚಪ್ಪಟೆಯಾಗಿ ಕೂತರೆ ನೀರು ಹೆಚ್ಚಾಯಿತು, ನಾಲ್ಕೈದು ತುಂಡಾದರೆ ಸರಿಯಾಯಿತು. ನೀರು ಬಿದ್ದ ಕ್ಷಣದಿಂದ ಸಿಮೆಂಟ್ ತನ್ನ ಕೆಲಸ ಶುರುಮಾಡುತ್ತದೆ. ಅದಕ್ಕೆ ಒಂದು ಸಲಕ್ಕೆ ಅರ್ಧ ಗಂಟೆಯಲ್ಲಿ ಒತ್ತಿ ಮುಗಿಸುವಷ್ಟೇ ಕಲಸಬೇಕು. ಹೊಸ ತಂಡಗಳು ಹುಮ್ಮಸ್ಸಿನಲ್ಲಿ ದೊಡ್ಡ ಗುಡ್ಡೆ ಕಲಸಿಬಿಡುತ್ತವೆ. “ನಿಧಾನ ಸಾರ್, ಊಟಕ್ಕೆ ಮುಂಚೆ ಎಷ್ಟು ಒತ್ತೋಕಾಗುತ್ತೋ ಅಷ್ಟೇ ನೀರು ಮುಟ್ಸಿ” ಎಂದು ಮೇಸ್ತ್ರಿ ತಡೆಯುವುದು ಇದಕ್ಕೇ.

ಈಗ ಯಂತ್ರದ ಸರದಿ. ನೋಡಲು ಏನೂ ಇಲ್ಲ. ಕಬ್ಬಿಣದ ಚೌಕಟ್ಟು, ಒಂದು ಅಚ್ಚು, ಮೇಲೊಂದು ಮುಚ್ಚಳ, ಪಕ್ಕದಲ್ಲಿ ಉದ್ದದ ಹಿಡಿ. ಅಚ್ಚಿಗೆ ಮಣ್ಣು ತುಂಬಿ, ಮುಚ್ಚಳ ಹಾಕಿ, ಹಿಡಿಯನ್ನು ಎಳೆದರೆ ಸನ್ನೆಯ ಬಲದಿಂದ ತಳದ ತಟ್ಟೆ ಮಣ್ಣನ್ನು ಮೇಲಕ್ಕೆ ಒತ್ತುತ್ತದೆ. ಮುಚ್ಚಳ ತೆಗೆದು ಹಿಡಿಯನ್ನು ಮತ್ತೆ ಆಡಿಸಿದರೆ ಇಟ್ಟಿಗೆ ಮೇಲೆದ್ದು ಬರುತ್ತದೆ. ಇದರ ಜಾಣತನವೆಲ್ಲ ಹಿಡಿ ಎಳೆಯುವವನ ಹತ್ತಿರ ಇರುವುದಿಲ್ಲ, ಪಕ್ಕದಲ್ಲಿ ತಕ್ಕಡಿ ಹಿಡಿದು ಕೂತವರ ಹತ್ತಿರ ಇರುತ್ತದೆ. ಯಾಕೆಂದರೆ ಯಂತ್ರ ಎಷ್ಟು ಮಣ್ಣು ಹಾಕಿದರೂ ಒಂದೇ ಅಳತೆಗೆ ಒತ್ತುತ್ತದೆ. 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರ. ಹೊರಬಂದ ಎಲ್ಲ ಇಟ್ಟಿಗೆಯೂ ಕಣ್ಣಿಗೆ ಒಂದೇ. ಆದರೆ ಒಂದು ಹಿಡಿ ಮಣ್ಣು ಕಡಿಮೆ ಬಿದ್ದಿದ್ದರೆ ಅದು ಒಳಗೆ ಸಡಿಲ, ಮಳೆಗೆ ಕರಗುವುದು ಅದೇ. ಆದ್ದರಿಂದ ಪ್ರತಿ ಇಟ್ಟಿಗೆಗೂ ಮಣ್ಣನ್ನು ತೂಗಿಯೇ ಹಾಕಬೇಕು, ಹಸಿಯಾಗಿದ್ದಾಗ ಎಂಟೂವರೆಯಿಂದ ಒಂಬತ್ತು ಕಿಲೋದೊಳಗೆ, ಆ ಮಣ್ಣಿಗೆ ಗೊತ್ತುಮಾಡಿದ ತೂಕಕ್ಕೆ ಸರಿಯಾಗಿ. ನಾನು ನೋಡಿದ ಒಂದು ಸೈಟಿನಲ್ಲಿ ತಕ್ಕಡಿಯ ಜವಾಬ್ದಾರಿ ಮನೆಯ ಯಜಮಾನಿಯದು. ಕಾಲೇಜು ಹುಡುಗರು ಸರದಿಯ ಮೇಲೆ ಹಿಡಿ ಎಳೆಯುತ್ತಿದ್ದರೆ ಆಕೆ ತಲೆ ಎತ್ತದೆ ತೂಗುತ್ತಿದ್ದರು. ಹುಡುಗನೊಬ್ಬ ಅವಸರಕ್ಕೆ, “ಅಕ್ಕಾ, ಅಂದಾಜಲ್ಲಿ ಹಾಕಿ, ಅದೇನ್ ಚಿನ್ನಾನಾ?” ಅಂದ. “ಮಲಗೋರು ನಾವಲ್ವಾ ಅದರೊಳಗೆ” ಅಂದು ಅರ್ಧ ಹಿಡಿ ಮಣ್ಣು ವಾಪಸ್ ತೆಗೆದರು. ಆಮೇಲೆ ಆ ಹುಡುಗ ಅವಸರ ಮಾಡಲಿಲ್ಲ.

ಕೈ ಪಳಗಿದ ತಂಡ ದಿನಕ್ಕೆ ನಾನೂರರ ಆಸುಪಾಸು ಒತ್ತುತ್ತದೆ. ಹೊಸಬರು ಇದರ ಅರ್ಧ ಮುಟ್ಟಿದರೂ ಒಳ್ಳೆಯದೇ. ಹಸಿ ಇಟ್ಟಿಗೆಯನ್ನು ಎರಡು ಅಂಗೈಯಿಂದ ಅಗಲವಾಗಿ ಹಿಡಿದು ಎತ್ತಬೇಕು, ಮೂಲೆಗೆ ಬೆರಳು ತಾಗಿದರೆ ಮೂಲೆ ಹೋಯಿತು. ನೆರಳಿನಲ್ಲಿ, ಮಟ್ಟವಾದ ನೆಲದಲ್ಲಿ, ನಾಲ್ಕೈದು ವರಸೆಗಿಂತ ಎತ್ತರವಾಗದ ಹಾಗೆ ಜೋಡಿಸಿ, ಮೇಲೆ ಹುಲ್ಲೋ ಗೋಣಿತಾಟೋ ಮುಚ್ಚುತ್ತಾರೆ.

ಇನ್ನು ನೀರು. ಸುಟ್ಟ ಇಟ್ಟಿಗೆಗೆ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ಸಿಮೆಂಟೂ ನೀರೂ ಸೇರಿ ಮಾಡಬೇಕು, ಅದಕ್ಕೆ ಕಾಲ ಬೇಕು. ಕನಿಷ್ಠ ಮೂರು ವಾರ, ಸಾಧ್ಯವಾದರೆ ನಾಲ್ಕು, ಮುಚ್ಚಿದ ಹುಲ್ಲು ಒಣಗದ ಹಾಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಬೇಸಿಗೆಯಾದರೆ ಮಧ್ಯಾಹ್ನವೂ ಒಮ್ಮೆ. ಹೀಗೆ ಸಾಕಿದ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ ಪರೀಕ್ಷೆಗೆ ಇಟ್ಟರೂ ಚದರ ಸೆಂಟಿಮೀಟರಿಗೆ ಮೂವತ್ತು ಕಿಲೋ ಭಾರ ತಡೆಯುತ್ತದೆ. ಒಂದೆರಡು ಅಂತಸ್ತಿನ ಮನೆಗೆ ಧಾರಾಳವಾಗಿ ಸಾಕು. ನಾಲ್ಕು ದಿನ ನೀರು ತಪ್ಪಿದರೆ ಅದೇ ಮಣ್ಣು, ಅದೇ ಸಿಮೆಂಟ್, ಅದೇ ಒತ್ತಡ ಎಲ್ಲವೂ ವ್ಯರ್ಥ. ಸ್ವಯಂಸೇವೆಯ ಕಷ್ಟ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಒತ್ತುವ ದಿನ ಇಪ್ಪತ್ತು ಜನ ಬರುತ್ತಾರೆ, ಹಾಡು, ಫೋಟೋ, ಬಿಸಿಬೇಳೆಬಾತು ಎಲ್ಲ ಇರುತ್ತದೆ. ಹದಿನೇಳನೆಯ ದಿನದ ಸಂಜೆ ಕೊಡ ಹಿಡಿದು ನಿಲ್ಲಲು ಯಾರೂ ಇರುವುದಿಲ್ಲ. ಒಳ್ಳೆಯ ತಂಡಗಳು ಒತ್ತುವ ದಿನಕ್ಕಿಂತ ಮೊದಲೇ ನೀರಿನ ಪಾಳಿ ಬರೆದಿಡುತ್ತವೆ, ಯಾವ ವಾರ ಯಾರು, ಟ್ಯಾಂಕರ್ ಬೇಕಾದರೆ ಅದರ ದುಡ್ಡು ಎಲ್ಲಿಂದ, ಮನೆಯವರ ಪಾಲು ಎಷ್ಟು ಎಂದು. ನಮ್ಮ ಹಳ್ಳಿಗಳಲ್ಲಿ ನಾಟಿಗೂ ಕೊಯ್ಲಿಗೂ ಮುಯ್ಯಾಳು ಹೋಗುವ ಪದ್ಧತಿಯಲ್ಲಿ ಇದೇ ಶಿಸ್ತು ಇತ್ತು. ಇವತ್ತು ನಿನ್ನ ಹೊಲಕ್ಕೆ ಬಂದವನ ಹೊಲಕ್ಕೆ ನೀನು ಹೋಗಲೇಬೇಕು, ಹಬ್ಬವಿದೆ ಎಂದು ತಪ್ಪಿಸುವ ಹಾಗಿಲ್ಲ.

ಹಣ ಕೂಡಿಸುವುದೂ ಈ ಕಸುಬಿನದೇ ಭಾಗ, ಅದನ್ನೂ ತೂಗಿಯೇ ಮಾಡಬೇಕು. ಇಪ್ಪತ್ತಡಿ ಹದಿನೈದಡಿಯ, ಒಂದು ಅಡ್ಡಗೋಡೆಯ ಸಣ್ಣ ಮನೆ ಅಂದುಕೊಳ್ಳಿ. ಬಾಗಿಲು ಕಿಟಕಿ ಕಳೆದರೆ ಸುಮಾರು 65 ಚದರ ಮೀಟರ್ ಗೋಡೆ. ಚದರ ಮೀಟರಿಗೆ 38 ಇಟ್ಟಿಗೆಯಂತೆ ಹತ್ತಿರ ಹತ್ತಿರ 2,500 ಬೇಕು. ಒಂದು ಚೀಲ ಸಿಮೆಂಟಿನಲ್ಲಿ ಶೇಕಡಾ ಏಳರ ಲೆಕ್ಕಕ್ಕೆ ಸುಮಾರು 90 ಇಟ್ಟಿಗೆ ಆಗುತ್ತವೆ, ಅಂದರೆ ಇಟ್ಟಿಗೆಗಳಿಗಷ್ಟೇ 28 ಚೀಲ. ಪಳಗಿದ ತಂಡಕ್ಕೆ ಏಳು ದಿನದ ಒತ್ತುವ ಕೆಲಸ. ಇಷ್ಟು ಬರೆದು ಒಂದು ಹಾಳೆಯಲ್ಲಿ ಕೊಟ್ಟರೆ, ಆರ್.ಟಿ. ನಗರದ ಯಾವ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿದರೂ ಕೊಡುವವರಿಗೆ ತಮ್ಮ ದುಡ್ಡು ಎಲ್ಲಿ ಹೋಗುತ್ತದೆ ಎಂದು ಕಾಣುತ್ತದೆ. ಒಂದು ಚೀಲ ಕೊಟ್ಟವರು ತೊಂಬತ್ತು ಇಟ್ಟಿಗೆ ಕೊಟ್ಟ ಹಾಗೆ. ಆದರೆ ಅದೇ ಹಾಳೆಯಲ್ಲಿ ಯಾರೂ ಕೇಳದ ಖರ್ಚುಗಳೂ ಇರಬೇಕು. ನೀರಿನ ಟ್ಯಾಂಕರ್, ನೆರಳಿನ ಶೀಟು, ಪಾಯದ ಸೈಜುಗಲ್ಲು, ಮೇಸ್ತ್ರಿಯ ಪೂರಾ ಕೂಲಿ. ಸೇವೆಯ ಕೆಲಸ ಅಲ್ಲವೇ ಎಂದು ಮೇಸ್ತ್ರಿಯ ಕೂಲಿಯಲ್ಲಿ ಮುರಿದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅವನೂ ಬಾಡಿಗೆ ಮನೆಯಲ್ಲಿ ಇರುವವನೇ. ಈ ವಿಧಾನದಲ್ಲಿ ಹಣ ಭಟ್ಟಿಗೂ ಲಾರಿಗೂ ಹೋಗುವ ಬದಲು ಹೆಚ್ಚು ಪಾಲು ಆ ಊರಿನ ಕೈಗಳಿಗೇ ಹೋಗುತ್ತದೆ. ಸೌದೆ ಕಲ್ಲಿದ್ದಲಿನ ಉಳಿತಾಯವೂ ಸಣ್ಣದಲ್ಲ. ವಿಜ್ಞಾನ ಸಂಸ್ಥೆಯ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಸುಮಾರು ಮೂರನೇ ಒಂದು ಪಾಲಿನಲ್ಲಿ ಮಡ್ ಬ್ಲಾಕ್ ಗೋಡೆ ಏಳುತ್ತದೆ.

ಮನೆ ಯಾರಿಗೋ ಅವರನ್ನು ಕೇಳದೆ ಕಟ್ಟಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2009ರ ಪ್ರವಾಹದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳು ಕೊಚ್ಚಿಹೋದಾಗ ರಾಜ್ಯ ಸರ್ಕಾರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳನ್ನೇ ಕಟ್ಟಿಸಿತು. ಎಷ್ಟೋ ಕುಟುಂಬಗಳಿಗೆ ಅದು ನಿಜವಾದ ಆಸರೆಯಾಯಿತು. ಕೆಲವು ಕಡೆ ಮಾತ್ರ ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಜನ ಹೋಗಲಿಲ್ಲ, ಮನೆಗಳು ಖಾಲಿ ಉಳಿದವು. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗಲೂ ಜಂಬೂರು, ಮದೆನಾಡುಗಳಲ್ಲಿ ಹೊಸ ಮನೆಗಳು ಎದ್ದವು. ಅಲ್ಲಿ ಸರ್ಕಾರದ ಜೊತೆ ಇನ್ಫೋಸಿಸ್ ಫೌಂಡೇಶನ್‌ನಂಥ ದಾನಿಗಳು ಕೈಜೋಡಿಸಿದರು. ಇಷ್ಟು ದೊಡ್ಡ ಅನಾಹುತಕ್ಕೆ ವೇಗ ಬೇಕು, ಗುತ್ತಿಗೆದಾರರು ಬೇಕು, ನಿಜ. ಹತ್ತು ಜನರ ಸ್ವಯಂಸೇವಾ ತಂಡಕ್ಕೆ ಆ ವೇಗ ಸಾಧ್ಯವಿಲ್ಲ. ಅದಕ್ಕೆ ಸಾಧ್ಯವಿರುವುದು ಒಂದು ಕುಟುಂಬದ ಜೊತೆ ಕೂತು, ಒಲೆ ಯಾವ ಮೂಲೆಗೆ, ಬಾಗಿಲು ಯಾವ ದಿಕ್ಕಿಗೆ, ಕುರಿ ಎಲ್ಲಿ ಎಂದು ಕೇಳಿ, ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಎಳೆಯುವುದು. ಮನೆಯವರು ಗೆರೆಯೊಳಗೆ ನಿಂತು, ಇಲ್ಲಿ ಸಾಲದು ಎಂದರೆ ಅಳಿಸಿ ಮತ್ತೆ ಎಳೆಯುವುದು. ಇದಕ್ಕೆ ಅರ್ಧ ದಿನ ಹಿಡಿದರೂ ಅದು ಪೋಲಾದ ಹೊತ್ತಲ್ಲ.

ಹೊರದೇಶಗಳಲ್ಲೂ ಚೆನ್ನಾಗಿ ನಡೆದ ಕೆಲಸಗಳು ಇದೇ ಜಾಡಿನವು. 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲರ್ ದಂಪತಿ ಆರಂಭಿಸಿದ, 1983ರಿಂದ ಭಾರತದಲ್ಲೂ ಇರುವ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆ, ಮನೆ ಪಡೆಯುವ ಕುಟುಂಬವೂ ಬೆವರು ಸುರಿಸಬೇಕು ಎಂಬ ನಿಯಮವನ್ನು ಮೊದಲಿನಿಂದ ಇಟ್ಟುಕೊಂಡು ಬಂದಿದೆ. ಯುದ್ಧ ಮುಗಿದ ಶ್ರೀಲಂಕಾದಲ್ಲಿ ಭಾರತ ಸರ್ಕಾರ ಕೈಗೆತ್ತಿಕೊಂಡ 50,000 ಮನೆಗಳ ಯೋಜನೆಯಲ್ಲಿ ಬಹುಪಾಲು ಮನೆಗಳನ್ನು ಮನೆಯವರೇ ನಿಂತು ಕಟ್ಟಿಸಿಕೊಂಡರು. ಕೆಲಸ ಮುಂದುವರಿದಂತೆ ಹಣ ಕಂತಿನಲ್ಲಿ ಅವರ ಖಾತೆಗೇ ಬಂತು. 2015ರ ಏಪ್ರಿಲ್ ಭೂಕಂಪದ ಬಳಿಕ ನೇಪಾಳದ ಗೋರ್ಖಾ ಮತ್ತು ನುವಾಕೋಟ್ ಜಿಲ್ಲೆಗಳಲ್ಲಿ ಭಾರತ ಇನ್ನೂ 50,000 ಮನೆಗಳಿಗೆ ನೆರವಾದಾಗಲೂ ಕ್ರಮ ಅದೇ. ನೇಪಾಳದಲ್ಲಿ, ಉಗಾಂಡಾದಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಅಚ್ಚಿನ ಮಣ್ಣಿನ ಇಟ್ಟಿಗೆಗಳು ಈಗ ಬಳಕೆಯಲ್ಲಿವೆ. ನಡುವೆ ಕಬ್ಬಿಣದ ಸರಳು ಇಳಿಸಲು ತೂತು ಇರುವುದರಿಂದ ನೆಲ ಕಂಪಿಸುವ ಸೀಮೆಗೆ ಅವು ಹೊಂದುತ್ತವೆ. ಇಂಥ ಕಡೆಗೆ ಹೋಗಬೇಕೆನ್ನುವ ಬೆಂಗಳೂರಿನ ತಂಡಕ್ಕೆ ನನ್ನ ಒಂದು ಕೋರಿಕೆ ಇದೆ. ಹೊರಡುವ ಮೊದಲು ಒಂದು ಪೂರಾ ಮನೆಯ ಇಟ್ಟಿಗೆಯನ್ನು ಇಲ್ಲೇ, ದೊಡ್ಡಬಳ್ಳಾಪುರದ್ದೋ ದೇವನಹಳ್ಳಿಯದ್ದೋ ಒಂದು ಕುಟುಂಬಕ್ಕೆ, ಜರಡಿಯಿಂದ ಕೊನೆಯ ದಿನದ ನೀರಿನವರೆಗೆ ಮಾಡಿ ಮುಗಿಸಿ. ವಿಮಾನದ ಟಿಕೆಟ್ಟಿಗೆ ಕೂಡಿಸುವ ಹಣದಲ್ಲಿ ಎಷ್ಟು ಚೀಲ ಸಿಮೆಂಟ್ ಬರುತ್ತದೆ ಎಂಬ ಲೆಕ್ಕವನ್ನೂ ಒಮ್ಮೆ ಹಾಕಿ. ಅಲ್ಲಿ ನಿಮ್ಮ ಕೈಗಿಂತ ನಿಮ್ಮ ಹಣ ಹೆಚ್ಚು ಬೇಕಾಗಿದೆ ಅನ್ನಿಸಿದರೆ ಹಣವನ್ನೇ ಕಳಿಸಿ. ನಿಮ್ಮ ಕೈಯೂ ಬೇಕು ಅಂದರೆ ಆಗ ನಿಮ್ಮದು ಕಲಿತ ಕೈ ಆಗಿರುತ್ತದೆ.

ಮಣ್ಣಿನ ಮನೆ ಎಂದರೆ ಬಡವರ ಪಾಲಿಗೆ ಬಿಟ್ಟ ಎರಡನೇ ದರ್ಜೆಯ ಮನೆ ಎಂಬ ಅನುಮಾನ ಹಳ್ಳಿಯವರಿಗೇ ಹೆಚ್ಚು. ಅವರು ಹಾಗೆ ಕೇಳುವುದು ನ್ಯಾಯ. ಆಗ ಅವರನ್ನು ವಿದ್ಯಾರಣ್ಯಪುರಕ್ಕೆ ಕರೆದುಕೊಂಡು ಬಂದು ತೋರಿಸಬೇಕು. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಮತ್ತು ನೀರಿನ ತಜ್ಞ ಎಸ್. ವಿಶ್ವನಾಥ್ ತಮ್ಮ ಸ್ವಂತ ಮನೆಯನ್ನೇ ಅಲ್ಲಿ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿಕೊಂಡಿದ್ದಾರೆ, ಅವರ ಬಯೋಮ್ ಸಂಸ್ಥೆ ಅನುಕೂಲಸ್ಥರ ಎಷ್ಟೋ ಮನೆಗಳನ್ನು ಹೀಗೆಯೇ ಕಟ್ಟಿದೆ. ಗಿಲಾವು ಮಾಡದೆ ಬಿಟ್ಟ ಕೆಂಪು ಗೋಡೆ, ವರಸೆಗಳ ನಡುವೆ ನೇರವಾದ ಸಂದು, ಮಳೆಯ ಎರಚಲು ತಾಗದ ಹಾಗೆ ಮುಂದೆ ಚಾಚಿದ ಸೂರು. ನೆಲದ ತೇವ ಏರದಂತೆ ಪಾಯ ಎತ್ತರಿಸುವುದು, ಸೂರು ಚಾಚುವುದು, ಈ ಎರಡನ್ನು ಮಾಡಿದರೆ ಅರ್ಧ ಗೆದ್ದ ಹಾಗೆ. ಗೋಡೆ ಏರಿಸಲು ಸಿಮೆಂಟ್, ಮಣ್ಣು, ಮರಳು ಬೆರೆಸಿದ ಗಾರೆ ಸಾಕು. ಬರೀ ಸಿಮೆಂಟಿನ ಗಟ್ಟಿ ಗಾರೆ ಇಟ್ಟಿಗೆಗಿಂತ ಬಿರುಸಾಗಿ, ಬಿರುಕು ಇಟ್ಟಿಗೆಯ ಮೇಲೆಯೇ ಬರುತ್ತದೆ.

ಒಂದು ವಿಷಯವನ್ನು ತಂಡಗಳು ಮೊದಲೇ ತೀರ್ಮಾನಿಸಿಕೊಂಡರೆ ಒಳ್ಳೆಯದು. ಯಂತ್ರವನ್ನು ಬಾಡಿಗೆಗೆ ತರುವ ಬದಲು ಕೂಡಿಸಿದ ಹಣದಲ್ಲಿ ಒಂದನ್ನು ಕೊಂಡು, ಮನೆ ಮುಗಿದ ಮೇಲೆ ಆ ಊರಿನ ಸ್ತ್ರೀಶಕ್ತಿ ಸಂಘಕ್ಕೋ ಸ್ವಸಹಾಯ ಗುಂಪಿಗೋ ಬಿಟ್ಟು ಬರಬಹುದು. ಜೊತೆಗೆ ತಕ್ಕಡಿ, ಜರಡಿ, ಆ ಮಣ್ಣಿಗೆ ಗೊತ್ತುಮಾಡಿದ ತೂಕ ಮತ್ತು ಸಿಮೆಂಟಿನ ಪ್ರಮಾಣ ಬರೆದ ಹಾಳೆ, ಎಣ್ಣೆ ಹಾಕಬೇಕಾದ ಜಾಗಗಳ ಗುರುತು. ಸರ್ಕಾರದ ವಸತಿ ಯೋಜನೆಗಳಲ್ಲಿ ಮನೆ ಮಂಜೂರಾದವರು ಪ್ರತಿ ಊರಿನಲ್ಲೂ ಇರುತ್ತಾರೆ. ಅವರಿಗೆ ಇಟ್ಟಿಗೆ ಬೇಕೇ ಬೇಕು. ಒತ್ತಲು ಕಲಿತ ಆರು ಹೆಂಗಸರು, ಅವರಲ್ಲಿ ತಕ್ಕಡಿ ಬಿಟ್ಟುಕೊಡದ ಒಬ್ಬರು ಇದ್ದರೆ, ಎರಡನೆಯ ಮನೆಯ ಇಟ್ಟಿಗೆಗೆ ಬೆಂಗಳೂರಿನಿಂದ ಯಾರೂ ಹೋಗಬೇಕಾಗಿಲ್ಲ.